ನೀಲಗುಂದ ಸೀಮೆಯ ಸ್ಕೌಟ್ ವಿದ್ಯೆ

ಸ್ಕೌಟ್ ವಿದ್ಯೆ ಎಂದರೆ ಎಳೆಯರು ಸಣ್ಣ ಗುಂಪು ಕಟ್ಟಿಕೊಂಡು ಬಯಲಿನಲ್ಲಿ ತಾವೇ ಮಾಡಿ ಕಲಿಯುವ ಕೌಶಲ, ನಡತೆ ಮತ್ತು ಸೇವೆಯ ಒಂದು ಪದ್ಧತಿ. ಹಗ್ಗದ ಗಂಟು, ದಿಕ್ಕು ಹಿಡಿಯುವುದು, ಹೆಜ್ಜೆ ಗುರುತು ಓದುವುದು, ಒಲೆ ಹೂಡಿ ಅಡಿಗೆ ಮಾಡುವುದು, ಪ್ರಥಮ ಚಿಕಿತ್ಸೆ, ಶಿಬಿರ ವಾಸ ಇದರ ಮೈ. ಪ್ರತಿಜ್ಞೆ ಮತ್ತು ನಿಯಮ ಇದರ ಜೀವ. ಹಳೆಯ ಕನ್ನಡ ಬರಹಗಳಲ್ಲಿ ಸ್ಕೌಟನ್ನು ಬಾಲಚರ ಎಂದು ಕರೆದದ್ದುಂಟು. ಈಗ ಊರಿನ ಬಾಯಲ್ಲಿ ಉಳಿದಿರುವುದು ಸ್ಕೌಟ್, ಗೈಡ್, ಟ್ರೂಪ್, ಪೆಟ್ರೋಲ್ ಎಂಬ ಮಾತುಗಳೇ. ಈ ಲೇಖನ ಆ ವಿದ್ಯೆಯನ್ನು ಹರಪನಹಳ್ಳಿ ತಾಲೂಕಿನ ನೀಲಗುಂದವನ್ನು ನಡುವೆ ಇಟ್ಟುಕೊಂಡು, ಸುತ್ತಲಿನ ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ತಾಲೂಕುಗಳ ನೆಲ, ಆಕಾಶ, ಜಾತ್ರೆಗಳಿಗೆ ಹೊಂದಿಸಿ ನೋಡುತ್ತದೆ. ನೀಲಗುಂದ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿಯಿಂದ ಇತಿಹಾಸಕಾರರಿಗೆ ಪರಿಚಿತವಾದ ಹಳ್ಳಿ.

ಹುಟ್ಟು ಮತ್ತು ಕರ್ನಾಟಕದ ದಾರಿ

ಸ್ಥಾಪಕ ರಾಬರ್ಟ್ ಬೇಡನ್-ಪೊವೆಲ್ (1857–1941) ಬ್ರಿಟಿಷ್ ಸೈನ್ಯಾಧಿಕಾರಿ. 1876ರಲ್ಲಿ ಅಶ್ವದಳದ ಕಿರಿಯ ಅಧಿಕಾರಿಯಾಗಿ ಭಾರತಕ್ಕೆ ಬಂದವನು. ಮುಂದೆ ಮೀರತ್‌ನಲ್ಲಿ ದಳಪತಿಯಾಗಿದ್ದಾಗ ಸಿಪಾಯಿಗಳಿಗೆ ಬೇಹಿನ ಕೆಲಸವನ್ನು ಸಣ್ಣ ಸಣ್ಣ ಗುಂಪುಗಳಲ್ಲಿ ಕಲಿಸಿದ. ದಕ್ಷಿಣ ಆಫ್ರಿಕದ ಮೆಫೆಕಿಂಗ್ ಪಟ್ಟಣದ ಮುತ್ತಿಗೆಯಲ್ಲಿ (1899–1900) ಓಲೆ ಒಯ್ಯುವಂಥ ಕೆಲಸಗಳಿಗೆ ಹುಡುಗರನ್ನು ಬಳಸಿದ್ದನ್ನು ಕಂಡ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ ಶ್ರೀಮಂತರ ಮತ್ತು ದುಡಿಯುವವರ ಮನೆಗಳ ಸುಮಾರು ಇಪ್ಪತ್ತು ಹುಡುಗರನ್ನು ಕೂಡಿಸಿ ಪ್ರಯೋಗದ ಶಿಬಿರ ನಡೆಸಿದ. ಮರುವರ್ಷ ಅವನ ಪುಸ್ತಕ ಹೊರಬಂತು. ಅದನ್ನು ಓದಿದ ಹುಡುಗರು ಯಾರ ಅಪ್ಪಣೆಗೂ ಕಾಯದೆ ತಾವೇ ಗುಂಪು ಕಟ್ಟಿಕೊಂಡರು. ಸಂಸ್ಥೆ ಹುಟ್ಟಿದ್ದು ಆಮೇಲೆ. ಹುಡುಗಿಯರಿಗಾಗಿ ಗೈಡ್ ಚಳವಳಿ 1910ರಲ್ಲಿ ಅವನ ತಂಗಿ ಆಗ್ನೆಸ್ ಮುಂದಾಳತ್ವದಲ್ಲಿ ಶುರುವಾಯಿತು.

ಭಾರತದ ಮೊದಲ ಟ್ರೂಪ್ ಹುಟ್ಟಿದ್ದು ಕರ್ನಾಟಕದ ನೆಲದಲ್ಲೇ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಅದನ್ನು ಆರಂಭಿಸಿದ. ಆದರೆ ಅದರೊಳಕ್ಕೆ ಕನ್ನಡದ ಹುಡುಗನಿಗೆ ಪ್ರವೇಶವಿರಲಿಲ್ಲ. ಆರಂಭದ ಈ ಟ್ರೂಪ್‌ಗಳು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮೀಸಲಾಗಿದ್ದವು. ಆ ಬಾಗಿಲನ್ನು ತಳ್ಳಿ ತೆರೆದವರು ಬೇರೆಯವರು. ಮಧ್ಯಪ್ರಾಂತದಲ್ಲಿ ವಿವಿಯನ್ ಬೋಸ್ ಭಾರತೀಯ ಹುಡುಗರಿಗೆ ಸ್ಕೌಟಿಂಗ್ ಕಲಿಸಿದರು. 1916ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಿ. ಎಸ್. ಅರಂಡೇಲ್ ಭಾರತೀಯ ಹುಡುಗರ ಸ್ಕೌಟ್ ಸಂಘ ಕಟ್ಟಿದರು. ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟ್ ದಳಗಳನ್ನು ಬೆಳೆಸಿದರು. ಬೆಸೆಂಟರ ಸಂಘ 1921ರಲ್ಲಿ ಬೇಡನ್-ಪೊವೆಲ್ ಸಂಘದೊಂದಿಗೆ ಕೂಡಿಕೊಂಡಿತು, ಸೇವಾ ಸಮಿತಿ ಕೂಡಲಿಲ್ಲ. ಒಡಕು ಹೊಲಿಗೆಗೆ ಬಂದದ್ದು ಸ್ವಾತಂತ್ರ್ಯದ ನಂತರವೇ. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿತು. ಮರುವರ್ಷ ಆಗಸ್ಟ್ 15ರಂದು ಗೈಡ್ ಸಂಘವೂ ಸೇರಿತು.

ಇಂದಿನ ಕರ್ನಾಟಕದ ಸ್ಕೌಟ್ ಇತಿಹಾಸವನ್ನು ಮೈಸೂರು ಸಂಸ್ಥಾನದ ಕಥೆಯಾಗಿ ಮಾತ್ರ ಹೇಳುವುದು ರೂಢಿ. ಅದು ಅರೆಸತ್ಯ. ಮೈಸೂರಿನ ದಳಗಳಿಗೆ ಅರಮನೆಯ ಆಸರೆ ಇತ್ತು, ಸರಿ. ಆದರೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹುಬ್ಬಳ್ಳಿ, ಧಾರವಾಡ ಮುಂಬಯಿಗೆ, ಕಲಬುರಗಿ ಹೈದರಾಬಾದಿಗೆ ಸೇರಿದ್ದವು. ಹುಬ್ಬಳ್ಳಿಯ ಕಡೆ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳ ಸ್ಕೌಟಿಂಗ್‌ನ ಶಿಸ್ತನ್ನೂ ಶಿಬಿರವನ್ನೂ ಹೋಲುವ ಸ್ವಯಂಸೇವೆಯನ್ನು ರಾಷ್ಟ್ರೀಯ ಚಳವಳಿಯೊಳಗೆ ತಂದಿತು. ಬ್ರಿಟಿಷ್ ದೊರೆಗೆ ನಿಷ್ಠೆಯ ಮಾತಿಲ್ಲದ ಸ್ಕೌಟಿಂಗ್ ಬೇಕೆಂದವರಿಗೆ ಅದೊಂದು ಆಶ್ರಯ. ರಾಜ್ಯ ಒಂದಾದ ಮೇಲೆ ಈ ಎಳೆಗಳೆಲ್ಲ ಒಂದೇ ರಾಜ್ಯ ಸಂಸ್ಥೆಯಡಿ ಬಂದವು. ಆ ಸಂಸ್ಥೆಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಕೊಂಡಜ್ಜಿ ಬಸಪ್ಪನವರದು. ಬೆಂಗಳೂರಿನ ಅರಮನೆ ರಸ್ತೆಯ ರಾಜ್ಯ ಕಚೇರಿಯ ಸಭಾಂಗಣಕ್ಕೆ ಅವರ ಹೆಸರಿದೆ. ಅವರ ಹುಟ್ಟೂರು ಹರಿಹರ ತಾಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಪಕ್ಕದ ಶಿಬಿರ ತಾಣವಿದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ, ಅಂದರೆ ಸ್ಕೌಟ್ ಮತ್ತು ಗೈಡ್‌ಗಳ ದೊಡ್ಡ ಮೇಳ, ನಡೆಯಿತು.

ಕಟ್ಟು, ಕ್ರಮ, ಸಂಪ್ರದಾಯ

ಎಳೆಯ ಗಂಡುಮಕ್ಕಳು ಕಬ್, ಹೆಣ್ಣುಮಕ್ಕಳು ಬುಲ್‌ಬುಲ್. ಹತ್ತು ತುಂಬಿದ ಮೇಲೆ ಸ್ಕೌಟ್ ಮತ್ತು ಗೈಡ್. ಹದಿಹರೆಯದ ಕೊನೆಗೆ ರೋವರ್ ಮತ್ತು ರೇಂಜರ್. ಕಬ್‌ಗಳ ಅಕೇಲ, ಬಾಲೂ, ಬಘೀರ ಎಂಬ ಹೆಸರುಗಳು ಕಿಪ್ಲಿಂಗನ ಜಂಗಲ್ ಬುಕ್‌ನಿಂದ ಬಂದವು. ಭಾರತದ ಕಾಡು ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಭಾರತದ ಮಕ್ಕಳ ಆಟಕ್ಕೆ ಮರಳಿದ ವಿಚಿತ್ರ ಪಯಣ ಅದು. ಸ್ಕೌಟ್‌ಗಳ ಗುಂಪಿಗೆ ಟ್ರೂಪ್, ಗೈಡ್‌ಗಳದಕ್ಕೆ ಕಂಪನಿ ಎನ್ನುತ್ತಾರೆ.

ಟ್ರೂಪ್‌ನ ನಿಜವಾದ ಘಟಕ ಆರರಿಂದ ಎಂಟು ಜನರ ಪೆಟ್ರೋಲ್. ಅದಕ್ಕೆ ಮಕ್ಕಳಲ್ಲೇ ಒಬ್ಬ ನಾಯಕ, ಒಂದು ಹೆಸರು, ಒಂದು ಧ್ವಜ, ಒಂದು ಕೂಗು. ಸ್ಕೌಟ್‌ಗಳು ಪ್ರಾಣಿ, ಪಕ್ಷಿಗಳ ಹೆಸರನ್ನೂ ಗೈಡ್‌ಗಳು ಹೂವಿನ ಹೆಸರನ್ನೂ ಇಟ್ಟುಕೊಳ್ಳುವುದು ವಾಡಿಕೆ. ಇಲ್ಲಿನ ಮಕ್ಕಳು ಕಂಡೇ ಇರದ ಸಿಂಹದ ಹೆಸರಿಗಿಂತ ಕರಡಿ, ನವಿಲು, ಕೃಷ್ಣಮೃಗ ಮೇಲು. ಗುಲಾಬಿಗಿಂತ ಮುತ್ತುಗ, ತಂಗಡಿ ಮೇಲು. ಇದು ಹಟದ ಮಾತಲ್ಲ. ಪೆಟ್ರೋಲಿನ ಮಕ್ಕಳು ತಮ್ಮ ಪ್ರಾಣಿಯ ಹೆಜ್ಜೆ, ದನಿ, ಮೇವು ಎಲ್ಲ ತಿಳಿದಿರಬೇಕೆಂಬುದು ಮೂಲ ಆಶಯ. ಸಿಂಹದ ಹೆಜ್ಜೆಯನ್ನು ಕೂಡ್ಲಿಗಿಯಲ್ಲಿ ಎಲ್ಲಿ ಹುಡುಕುವುದು?

ನಾಯಕರೆಲ್ಲ ಸೇರಿ ಕೂಡುವ ಸಭೆಗೆ ಕೋರ್ಟ್ ಆಫ್ ಆನರ್ ಎಂದು ಹೆಸರು. ಎಲ್ಲಿಗೆ ಹೋಗಬೇಕು, ಯಾರು ತಪ್ಪಿದರು, ದುಡ್ಡು ಹೇಗೆ ಖರ್ಚಾಯಿತು ಎಂಬುದನ್ನು ಮಕ್ಕಳೇ ತೀರ್ಮಾನಿಸುತ್ತಾರೆ. ಶಿಕ್ಷಕರು ಪಕ್ಕದಲ್ಲಿ ಕೂರುತ್ತಾರೆ, ಅಷ್ಟೇ. ಸ್ಕೌಟಿಂಗ್‌ನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಂಪ್ರದಾಯ ಇದು. ನಮ್ಮ ಶಾಲೆಗಳಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಟ್ಟು ಹೋಗುವುದೂ ಇದೇ. ಮೇಷ್ಟ್ರು ಸೀಟಿ ಊದಿ ಸಾಲು ನಿಲ್ಲಿಸುವುದು ಸುಲಭ. ಹದಿಮೂರರ ಹುಡುಗಿಗೆ ಎಂಟು ಜನರ ಜವಾಬ್ದಾರಿ ಕೊಟ್ಟು ಸುಮ್ಮನಿರುವುದು ಕಷ್ಟ. ಎನ್.ಸಿ.ಸಿ.ಗೂ ಸ್ಕೌಟಿಂಗ್‌ಗೂ ಇರುವ ಅಂತರವೂ ಇಲ್ಲೇ ಇದೆ. 1948ರ ಕಾಯ್ದೆಯಿಂದ ಬಂದ ಎನ್.ಸಿ.ಸಿ. ರಕ್ಷಣಾ ಸಚಿವಾಲಯದಡಿಯ ದಳ. ಸ್ಕೌಟಿಂಗ್ ಸೈನ್ಯಕ್ಕೆ ಸೇರದ, ಇಷ್ಟಪಟ್ಟು ಸೇರುವ ಶಿಕ್ಷಣ.

ಪ್ರತಿಜ್ಞೆಯಲ್ಲಿ ಮೂರು ಹೊಣೆಗಳಿವೆ: ದೇವರಿಗೂ ದೇಶಕ್ಕೂ ಕರ್ತವ್ಯ, ಪರರಿಗೆ ನೆರವು, ನಿಯಮದ ಪಾಲನೆ. ದೇವರು ಎಂಬ ಮಾತಿನ ಬದಲು ಧರ್ಮ ಎನ್ನಲು ಅವಕಾಶವಿದೆ. ವಂದನೆಯ ಮೂರು ಬೆರಳು ಈ ಮೂರರ ಗುರುತು. ನಿಯಮಗಳು ಮೊದಲು ಒಂಬತ್ತಿದ್ದವು, 1911ರಲ್ಲಿ ಬೇಡನ್-ಪೊವೆಲ್ ಹತ್ತನೆಯದನ್ನು ಸೇರಿಸಿದ. ಭಾರತದಲ್ಲಿ ಈಗ ಒಂಬತ್ತು: ನಂಬಿಕೆ, ನಿಷ್ಠೆ, ಸ್ನೇಹ, ವಿನಯ, ಪ್ರಾಣಿ ಮತ್ತು ನಿಸರ್ಗದ ಪ್ರೀತಿ, ಶಿಸ್ತು ಹಾಗೂ ಸಾರ್ವಜನಿಕ ಆಸ್ತಿಯ ರಕ್ಷಣೆ, ಧೈರ್ಯ, ಮಿತವ್ಯಯ, ಶುದ್ಧಿ. ಸ್ಕೌಟ್‌ಗಳು ಎಡಗೈ ಕುಲುಕುತ್ತಾರೆ. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕೆಂಬ ಕಟ್ಟಳೆ ಇದೆ. ಎಡಗೈಯಲ್ಲಿ ಉಣ್ಣುವುದಿಲ್ಲ, ಕೊಡುವುದಿಲ್ಲ ಎಂದು ಕಲಿತ ನಮ್ಮ ಮಕ್ಕಳು ಮೊದಲ ವಾರ ಎಡಗೈ ಕುಲುಕಲು ಅಳುಕುವುದು ಸಹಜ. ಫೆಬ್ರವರಿ 22 ಸ್ಥಾಪಕರ ದಿನ, ನವೆಂಬರ್ 7 ಸಂಸ್ಥೆಯ ಸ್ಥಾಪನಾ ದಿನ.

ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಎಂದು ಮೆಟ್ಟಿಲು ಹತ್ತಿ ಕೊನೆಗೆ ರಾಜ್ಯ ಪುರಸ್ಕಾರ ಮತ್ತು ರಾಷ್ಟ್ರಪತಿ ಪ್ರಶಸ್ತಿಗೆ ತಲುಪುತ್ತಾರೆ. ವೃತ್ತಿ ಶಿಕ್ಷಣದ ಪ್ರವೇಶದಲ್ಲಿ ಸ್ಕೌಟ್ ಮತ್ತು ಗೈಡ್‌ಗಳಿಗೆ ವಿಶೇಷ ವರ್ಗವಿರುವುದರಿಂದ ಕೆಲವು ಪೋಷಕರು ಪ್ರಮಾಣಪತ್ರದ ಮೇಲೆಯೇ ಕಣ್ಣಿಡುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆದರೆ ಗಂಟು ಬಿಗಿಯಲು ಬಾರದವನ ತೋಳಿನ ಮೇಲೆ ಪದಕ ಕೂತರೆ ಅದು ಟ್ರೂಪ್‌ನ ಸೋಲು.

ಹಗ್ಗ ಮತ್ತು ಗಂಟು

ಈ ಸೀಮೆಯ ಮಗುವಿಗೆ ಹಗ್ಗ ಹೊಸದಲ್ಲ. ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು, ಎತ್ತಿನ ಮೂಗುದಾರ, ಕರುವಿನ ಕಣ್ಣಿ ಕಟ್ಟುವುದನ್ನು ಮನೆಯಲ್ಲೇ ಕಂಡವರು ಹಿಂದೆ ಬಹಳ. ಸ್ಕೌಟ್ ಪುಸ್ತಕ ಹೊಸದಾಗಿ ಕೊಡುವುದು ಯಾವ ಕೆಲಸಕ್ಕೆ ಯಾವ ಗಂಟು ಎಂಬ ವಿವೇಕವನ್ನು.

ಒಂದೇ ದಪ್ಪದ ಎರಡು ತುದಿಗಳನ್ನು ಕೂಡಿಸಲು ರೀಫ್ ಗಂಟು. ಅದು ಚಪ್ಪಟೆಯಾಗಿ ಕೂರುವುದರಿಂದ ಬ್ಯಾಂಡೇಜಿಗೆ ಹೇಳಿ ಮಾಡಿಸಿದ್ದು. ಜೀವ ತೂಗುವ ಭಾರಕ್ಕೆ ಮಾತ್ರ ಎಂದೂ ಬಳಸಬಾರದು. ದಪ್ಪ ಬೇರೆಯಾದರೆ ಶೀಟ್ ಬೆಂಡ್. ಕಂಬಕ್ಕೋ ಗೂಟಕ್ಕೋ ಹಗ್ಗ ಸಿಕ್ಕಿಸಲು ಕ್ಲೋವ್ ಹಿಚ್. ಚಪ್ಪರ ಕಟ್ಟುವಾಗ ಅಡ್ಡ, ಉದ್ದ ಕಟ್ಟಿಗೆಗಳನ್ನು ಬಿಗಿಯುವ ಸ್ಕ್ವೇರ್ ಲ್ಯಾಶಿಂಗ್ ಶುರುವಾಗುವುದೂ ಮುಗಿಯುವುದೂ ಇದರಿಂದಲೇ. ಬೋಲೈನ್ ಗಂಟಿನ ಕುಣಿಕೆ ಎಳೆದಷ್ಟೂ ಬಿಗಿಯುವುದಿಲ್ಲ. ಬಾವಿಗೆ ಬಿದ್ದವರ ಕಂಕುಳ ಕೆಳಗೆ ಹಾಕಿ ಮೇಲೆತ್ತಬೇಕಾದದ್ದು ಇದೇ ಕುಣಿಕೆ. ಜೀರುಗುಣಿಕೆ ಹಾಕಿ ಎಳೆದರೆ ಎದೆ ಹಿಸುಕಿ ಉಸಿರು ಕಟ್ಟುತ್ತದೆ. ತೆರೆದ ಬಾವಿಗಳಿರುವ ಊರುಗಳಲ್ಲಿ ಮಕ್ಕಳು ಮೊದಲು ಕಲಿಯಬೇಕಾದ ವ್ಯತ್ಯಾಸ ಇದು. ಈಗ ಎಲ್ಲೆಡೆ ಇರುವ ನೈಲಾನ್ ಹಗ್ಗ ನುಣುಪಾದ್ದರಿಂದ ನಾರಿನ ಹಗ್ಗದಲ್ಲಿ ನಿಂತ ಗಂಟು ಅದರಲ್ಲಿ ಜಾರಬಹುದು. ತುದಿಯನ್ನು ಉದ್ದ ಬಿಟ್ಟು ಇನ್ನೊಂದು ಸುತ್ತು ಹಾಕಬೇಕು.

ದಿಕ್ಕು: ಇಂಗ್ಲೆಂಡಿನ ಆಕಾಶ, ಇಲ್ಲಿನ ಆಕಾಶ

ದಿಕ್ಕು ಹಿಡಿಯುವ ಪಾಠಗಳಲ್ಲಿ ಪುಸ್ತಕದ ಮಾತನ್ನು ಹಾಗೇ ಒಪ್ಪಿದರೆ ಮೋಸ ಹೋಗುತ್ತೇವೆ. ಕೈಗಡಿಯಾರದ ಗಂಟೆ ಮುಳ್ಳನ್ನು ಸೂರ್ಯನೆಡೆಗೆ ಹಿಡಿದು, ಅದಕ್ಕೂ 12ಕ್ಕೂ ನಡುವಿನ ಗೆರೆ ದಕ್ಷಿಣ ಎಂದು ಕಲಿಸುವುದುಂಟು. ಲಂಡನ್ನಿನಲ್ಲಿ ಅದು ಸುಮಾರಾಗಿ ನಡೆಯುತ್ತದೆ. ನೀಲಗುಂದ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದ ಬಳಿ. ಇಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ಎರಡನೆಯ ವಾರಕ್ಕೂ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆ ಎರಡು ಹೊತ್ತಿನ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಸಾಲದ್ದಕ್ಕೆ ಭಾರತದ ಗಡಿಯಾರ ಪೂರ್ವದ ರೇಖಾಂಶವೊಂದನ್ನು ಅನುಸರಿಸುವುದರಿಂದ ಇಲ್ಲಿ ನಿಜವಾದ ಮಧ್ಯಾಹ್ನ ಸರಾಸರಿ 12.25ರ ಸುಮಾರಿಗೆ ಆಗುತ್ತದೆ. ಗಡಿಯಾರದ ಉಪಾಯವನ್ನು ಈ ಸೀಮೆಯ ಟ್ರೂಪ್‌ಗಳು ಬಿಟ್ಟುಬಿಡುವುದೇ ಒಳ್ಳೆಯದು.

ಕೋಲಿನ ನೆರಳು ನಂಬಬಹುದಾದದ್ದು. ಸಮ ನೆಲದಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲಿಡಿ. ಅರ್ಧ ಗಂಟೆ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲಿಡಿ. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ನಟ್ಟ ನಡುಹಗಲಿನ ಆಸುಪಾಸಿನಲ್ಲಿ ಇದು ಹೆಚ್ಚು ಸರಿಬರುತ್ತದೆ.

ರಾತ್ರಿಯ ಪಾಠ ಇನ್ನೂ ಸೊಗಸು. ಧ್ರುವ ನಕ್ಷತ್ರದ ಎತ್ತರ ಊರಿನ ಅಕ್ಷಾಂಶದಷ್ಟೇ ಇರುತ್ತದೆ. ಇಂಗ್ಲೆಂಡಿನ ಹುಡುಗ ಅದನ್ನು ಅರ್ಧ ಆಕಾಶದ ಮೇಲೆ ಕಾಣುತ್ತಾನೆ. ಇಲ್ಲಿ ಅದು ಉತ್ತರದ ದಿಗಂತದಿಂದ ಬರೀ 15 ಡಿಗ್ರಿ ಮೇಲಿದೆ. ಕೈ ನೀಟಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಹಾಗಾಗಿ ಒಂದೂವರೆ ಮುಷ್ಟಿ. ಗುಡ್ಡವೋ ಹುಣಸೆ ಮರವೋ ಅಡ್ಡ ಬಂದರೆ ಕಾಣದು. ಸಪ್ತರ್ಷಿ ಮಂಡಲದ ಮುಂದಿನ ಎರಡು ನಕ್ಷತ್ರಗಳ ಗೆರೆ ಹಿಡಿದು ಅದನ್ನು ಹುಡುಕಬೇಕು. ಇಂಗ್ಲೆಂಡಿನ ಹುಡುಗನಿಗೆ ದಕ್ಕದ ಇನ್ನೊಂದು ಭಾಗ್ಯ ಇಲ್ಲಿದೆ. ಬೇಸಿಗೆಯ ರಾತ್ರಿಗಳಲ್ಲಿ, ಮೇ ನಡುವಿನಲ್ಲಾದರೆ ಒಂಬತ್ತು ಗಂಟೆಯ ಸುಮಾರಿಗೆ, ತ್ರಿಶಂಕು ನಕ್ಷತ್ರಪುಂಜ ದಕ್ಷಿಣದಲ್ಲಿ ನೇರ ನಿಲ್ಲುತ್ತದೆ. ಅದರ ಎತ್ತರವೂ ಹೆಚ್ಚುಕಡಿಮೆ ಒಂದೂವರೆ ಮುಷ್ಟಿಯೇ. ಉತ್ತರಕ್ಕೆ ಧ್ರುವ, ದಕ್ಷಿಣಕ್ಕೆ ತ್ರಿಶಂಕು, ಎರಡೂ ಒಂದೇ ಎತ್ತರದಲ್ಲಿ ಸಿಗುವ ಅಕ್ಷಾಂಶದಲ್ಲಿ ಹುಟ್ಟಿದ ಮಕ್ಕಳು ಬರೀ ಸಪ್ತರ್ಷಿಯ ಚಿತ್ರ ಬರೆದು ಅಂಕ ಪಡೆಯುವುದು ನಷ್ಟದ ಬಾಬತ್ತು. ದಿಕ್ಸೂಚಿಯ ಸೂಜಿ ಇಲ್ಲಿ ನಿಜವಾದ ಉತ್ತರಕ್ಕೆ ತೀರ ಹತ್ತಿರ ನಿಲ್ಲುತ್ತದೆ. ಕಬ್ಬಿಣದ ಅದಿರಿನ ಸಂಡೂರು ಬೆಟ್ಟಗಳ ಕಡೆ ಹೋದಾಗ ಮಾತ್ರ ಎಚ್ಚರವಿರಲಿ.

ಹೆಜ್ಜೆ ಮತ್ತು ಗುರುತು

ದಾರಿಯಲ್ಲಿ ಕಲ್ಲು, ಕಡ್ಡಿಗಳಿಂದ ಗುರುತು ಬಿಡುವುದು ಸ್ಕೌಟ್‌ಗಳ ಪ್ರಿಯ ಆಟ. ಬಾಣ ಎಂದರೆ ಈ ದಾರಿ, ಕತ್ತರಿ ಗುರುತು ಎಂದರೆ ಈ ದಾರಿ ಅಲ್ಲ. ವೃತ್ತದ ನಡುವೆ ಚುಕ್ಕಿ ಇದ್ದರೆ ಮನೆಗೆ ಹೋಗಿದ್ದೇನೆ ಎಂದು ಅರ್ಥ. ಕೀನ್ಯಾದ ನ್ಯೇರಿಯಲ್ಲಿರುವ ಬೇಡನ್-ಪೊವೆಲ್ ಸಮಾಧಿಯ ಮೇಲೆ ಕೊರೆದಿರುವುದು ಈ ಗುರುತೇ.

ಹೆಜ್ಜೆ ಓದುವುದಕ್ಕೆ ಕೂಡ್ಲಿಗಿ ತಾಲೂಕಿನ ಗುಡೇಕೋಟೆಗಿಂತ ಒಳ್ಳೆಯ ಪಾಠಶಾಲೆ ಸಿಗದು. ಅಲ್ಲಿ ಕರಡಿ ಧಾಮವಿದೆ. ಕರಡಿಯ ಹೆಜ್ಜೆಯಲ್ಲಿ ಐದು ಬೆರಳೂ ಉದ್ದ ಉಗುರಿನ ಗೀರೂ ಕಾಣುತ್ತವೆ. ಚಿರತೆಯದು ನಾಲ್ಕು ಬೆರಳು, ಉಗುರು ಮೂಡುವುದಿಲ್ಲ. ನಾಯಿ, ನರಿ, ತೋಳಗಳದು ನಾಲ್ಕು ಬೆರಳು, ಉಗುರು ಮೂಡುತ್ತದೆ. ಅಗೆದ ಹುತ್ತ ಕಂಡರೆ ಕರಡಿ ಬಂದು ಹೋಗಿದೆ ಎಂದು ಲೆಕ್ಕ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಸದ್ದಿಲ್ಲದೆ ಹೋಗಿ ಕರಡಿಗೆ ಎದುರಾಗುವುದು ಅಪಾಯ. ಸದ್ದು ಮಾಡದೆ ನಡೆಯಬೇಕೆಂಬ ಪುಸ್ತಕದ ಪಾಠವನ್ನು ಇಲ್ಲಿ ಮರೆತು ಮಾತಾಡುತ್ತಲೇ ನಡೆಯಬೇಕು. ಧಾಮದೊಳಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಈ ವಿದ್ಯೆಯಲ್ಲಿ ಸ್ಕೌಟ್ ಮಾಸ್ಟರ್‌ಗಿಂತ ಕುರಿ ಕಾಯುವವರು ಬಲ್ಲವರು. ಅವರಲ್ಲೊಬ್ಬರನ್ನು ಕರೆದು ಒಂದು ದಿನ ಟ್ರೂಪ್‌ನ ಜೊತೆ ನಡೆಸಿದರೆ ಮಕ್ಕಳ ಕಣ್ಣು ತೆರೆಯುತ್ತದೆ.

ನಡಿಗೆಗೆ ಜಾಗಗಳಿಗೇನು ಕೊರತೆ: ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಉಚ್ಚಂಗಿದುರ್ಗದ ಕೋಟೆ, ಅಂಬಳಿಯ ಗುಡಿ, ಮಾಲವಿ ಜಲಾಶಯ.

ಒಲೆ, ನೀರು, ಪ್ರಥಮ ಚಿಕಿತ್ಸೆ

ಪಾತ್ರೆಯಿಲ್ಲದೆ ಅಡಿಗೆ ಮಾಡುವುದು ಸೋಪಾನ ಪರೀಕ್ಷೆಯ ಒಂದು ಭಾಗ. ಹಿಂಗಾರಿ ಜೋಳದ ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು ಸೀತನಿ ತಿಂದ ಮಕ್ಕಳಿಗೆ ಅದು ಪರೀಕ್ಷೆಯೇ ಅಲ್ಲ. ಬಳ್ಳಾರಿ ಜಾಲಿಯ ಕಟ್ಟಿಗೆ ಒಳ್ಳೆಯ ಕೆಂಡ ಕೊಡುತ್ತದೆ, ಮುಳ್ಳು ಮಾತ್ರ ಚಪ್ಪಲಿಯನ್ನೂ ಸೀಳುತ್ತದೆ. ಬೇಸಿಗೆಯಲ್ಲಿ ಒಣ ಹುಲ್ಲಿನ ಬಯಲಲ್ಲಿ ಶಿಬಿರಾಗ್ನಿ ಹಚ್ಚುವುದಕ್ಕಿಂತ ಲಾಂದ್ರದ ಸುತ್ತ ಕೂತು ಹಾಡುವುದು ಜಾಣತನ.

ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಶುದ್ಧೀಕರಣ ಘಟಕದ ನೀರನ್ನೇ ಒಯ್ಯಬೇಕು. ಬಿಸಿಲಿಗೆ ಸೋತು ವಾಂತಿ, ಭೇದಿ ಆದವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು.

ಹಾವು ಕಡಿತದ ಪಾಠವನ್ನು ಹಳೆಯ ಪುಸ್ತಕಗಳಿಂದ ಕಲಿಯಲೇಬಾರದು. ಗಾಯ ಕೊಯ್ಯುವುದು, ವಿಷ ಹೀರುವುದು, ಬಿಗಿಯಾಗಿ ಕಟ್ಟು ಹಾಕುವುದು ಒಂದು ಕಾಲದಲ್ಲಿ ಶೌರ್ಯದ ಲಕ್ಷಣವೆಂದು ಅಚ್ಚಾಗಿದ್ದವು. ಮೂರೂ ಹಾನಿಕರ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೇ ನಮ್ಮ ದೇಶದ ಹೆಚ್ಚಿನ ಸಾವುಗಳಿಗೆ ಕಾರಣ. ಕಡಿದ ಅಂಗವನ್ನು ಮುರಿದ ಮೂಳೆಗೆ ಮಾಡುವ ಹಾಗೆ ಪಟ್ಟಿ ಕಟ್ಟಿ ಅಲುಗದಂತೆ ಇರಿಸಬೇಕು. ಉಂಗುರ, ಬಳೆ ತೆಗೆಯಬೇಕು. ನಡೆಸದೆ ಎತ್ತಿಕೊಂಡು ಪ್ರತಿವಿಷ ಸಿಗುವ ಆಸ್ಪತ್ರೆಗೆ ಒಯ್ಯಬೇಕು, 108ಕ್ಕೆ ಕರೆ ಮಾಡಬೇಕು. ಕಟ್ಟುಹಾವಿನ ಕಡಿತ ನೋಯದೆಯೂ ಇರಬಹುದು, ಗುರುತು ಕಾಣದೆಯೂ ಇರಬಹುದು. ನೋವಿಲ್ಲ ಎಂದು ಬೆಳಗಿನತನಕ ಕಾಯಬಾರದು. ಕೊರಳಿನ ಸ್ಕಾರ್ಫ್ ಬಿಚ್ಚಿದರೆ ತ್ರಿಕೋನ ಬ್ಯಾಂಡೇಜು, ಎರಡು ಕೋಲಿಗೆ ಎರಡು ಅಂಗಿ ತೂರಿಸಿದರೆ ಡೋಲಿ. ಸಮವಸ್ತ್ರದಲ್ಲಿ ಬರೀ ಶೋಕಿಗೆ ಇರುವುದು ಕಡಿಮೆ.

ಜಾತ್ರೆಯ ಸೇವೆ

ಭಾರತದಲ್ಲಿ ಸ್ಕೌಟಿಂಗ್ ಜನರ ಕಣ್ಣಿಗೆ ಬಿದ್ದದ್ದು ಮೇಳಗಳ ಸೇವೆಯಿಂದ. ಅಲಹಾಬಾದಿನ ಸೇವಾ ಸಮಿತಿಯವರು ಕುಂಭಮೇಳದಲ್ಲಿ ಯಾತ್ರಿಕರಿಗೆ ನೆರವಾದರು. ಈ ಸೀಮೆಗೆ ಕೊಟ್ಟೂರೇಶ್ವರನ ತೇರು, ಮೈಲಾರಲಿಂಗನ ಕಾರಣಿಕ, ಉಚ್ಚಂಗಿದುರ್ಗದ ಉತ್ಸವಗಳಿವೆ. ಲಕ್ಷಾಂತರ ಜನ ಸೇರುವ ಇಂಥಲ್ಲಿ ನೀರು ಕೊಡುವುದು, ತಪ್ಪಿಸಿಕೊಂಡ ಮಕ್ಕಳನ್ನು ಕೂರಿಸಿ ಹೆಸರು ಕೇಳುವುದು, ಮುದುಕರಿಗೆ ದಾರಿ ತೋರುವುದು, ಪ್ರಥಮ ಚಿಕಿತ್ಸೆಯ ಗುಡಾರದಲ್ಲಿ ಓಡಾಡುವುದು ಮಕ್ಕಳಿಗೆ ಸಲ್ಲುವ ಕೆಲಸ. ಜನರ ನೂಕುನುಗ್ಗಲಿಗೆ ಹಗ್ಗ ಹಿಡಿದು ಅಡ್ಡ ನಿಲ್ಲುವುದು, ತೇರಿನ ಗಾಲಿಯ ಬಳಿ ಸುಳಿಯುವುದು ಅವರ ಕೆಲಸವಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಎಳೆಯುತ್ತಿದ್ದಾಗಲೇ ಉರುಳಿಬಿದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಿಂತ ತೇರು ಒಳ್ಳೆಯ ಲೆಕ್ಕದ ಪಾಠ. ಕೋಲಿನ ಎತ್ತರಕ್ಕೂ ಅದರ ನೆರಳಿಗೂ ಇರುವ ಪ್ರಮಾಣವೇ ತೇರಿಗೂ ಅದರ ನೆರಳಿಗೂ ಇರುತ್ತದೆ, ಗುಣಿಸಿದರೆ ಕಳಶದ ಎತ್ತರ ಸಿಕ್ಕಿತು.

ಟ್ರೂಪ್ ಕಟ್ಟುವವರಿಗೆ

ಶಾಲೆಯೊಂದರಲ್ಲಿ ಟ್ರೂಪ್ ಅಥವಾ ಕಂಪನಿ ಆರಂಭಿಸುವವರು ಮೂಲ ತರಬೇತಿ ಪಡೆದ ಶಿಕ್ಷಕ ಅಥವಾ ಶಿಕ್ಷಕಿಯನ್ನು ಗೊತ್ತುಮಾಡಿ ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಬೇಕು. ನಾಯಕರ ತರಬೇತಿಯ ಮೇಲಿನ ಮೆಟ್ಟಿಲು ಹಿಮಾಲಯ ವುಡ್ ಬ್ಯಾಡ್ಜ್. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಐದೂ ತಾಲೂಕುಗಳು ಈಗ ಒಂದೇ ಜಿಲ್ಲೆಯಲ್ಲಿವೆ. ರಾಜ್ಯದ ಶಿಬಿರ ತಾಣಗಳಲ್ಲಿ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್ ದೂರ. ಹರಪನಹಳ್ಳಿಯ ದಕ್ಷಿಣಕ್ಕೆ, ಜಿಲ್ಲೆಯ ಗಡಿ ದಾಟಿದರೆ ಸಿಗುವ ಕೊಂಡಜ್ಜಿ ಹತ್ತಿರ.